ಇಪ್ಪತ್ತಕ್ಕೆ ಎಷ್ಟು?

2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್. ಒಂಬತ್ತನೇ ನಿಮಿಷದಲ್ಲಿ ಉದಾಂತ ಸಿಂಗ್ ಕೊಟ್ಟ ಕ್ರಾಸ್‌ಗೆ ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು, ಬೆಂಗಳೂರು ಎಫ್‌ಸಿ ಮುಂದಾಯಿತು. ವಿರಾಮದ ಹೊತ್ತಿಗೆ ಲೆಕ್ಕ ತಿರುಗಿತ್ತು. ಚೆನ್ನೈಯಿನ್ ಎಫ್‌ಸಿಯ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಲ್ಲಿ ಎರಡು ಹೆಡರ್ ಹೊಡೆದಿದ್ದರು. ಕೊನೆಗೆ 3–2ರಲ್ಲಿ ಕಪ್ ಚೆನ್ನೈಗೆ ಹೋಯಿತು.

ನೋಡಿದವರಿಗೆ ಮೂರೂ ತಲೆಯ ಗೋಲುಗಳೇ. ಆದರೆ ಫುಟ್‌ಬಾಲ್ ಮ್ಯಾನೇಜರ್‌ನಂಥ ಕಂಪ್ಯೂಟರ್ ಆಟದ ಕಣ್ಣಲ್ಲಿ ಚೆಟ್ರಿಯ ಗೋಲೇ ಒಂದು ಬಗೆ, ಆಲ್ವೆಸ್ ಗೋಲುಗಳೇ ಇನ್ನೊಂದು ಬಗೆ. ಚೆಟ್ರಿಯ ಎತ್ತರ ಸುಮಾರು 170 ಸೆಂಟಿಮೀಟರ್. ನೆಗೆದು ಮುಟ್ಟುವ ಎತ್ತರಕ್ಕೆ ಯಾರೂ ಅವರಿಗೆ ದೊಡ್ಡ ಅಂಕ ಕೊಡಲಾರರು. ಚೆಂಡು ಎಲ್ಲಿಗೆ ಬರುತ್ತದೆಂದು ಡಿಫೆಂಡರ್‌ಗಿಂತ ಅರೆಗಳಿಗೆ ಮೊದಲೇ ಊಹಿಸುವ ಮುನ್ನರಿವು, ಕಣ್ಣು ತಪ್ಪಿಸಿ ಖಾಲಿ ಜಾಗಕ್ಕೆ ನುಗ್ಗುವ ಚಾಕಚಕ್ಯ, ಆ ಗಡಿಬಿಡಿಯಲ್ಲೂ ತಲೆ ಕೆಡಿಸಿಕೊಳ್ಳದ ಸಮಾಧಾನ – ಅವರ ಗೋಲು ಹುಟ್ಟಿದ್ದು ಇಲ್ಲಿ. ಆಲ್ವೆಸ್ ಅವರದು ನೆಗೆತ, ಮೈಬಲ, ಹೆಡಿಂಗ್, ಜೊತೆಗೆ ಕಾರ್ನರ್ ಹೊಡೆದವನ ಕಾಲಿನ ನಿಖರತೆ. ಒಂದೇ ‘ಹೆಡರ್’ ಎಂಬ ಕ್ರಿಯೆಯನ್ನು ಹೀಗೆ ಆರೇಳು ಗುಣಗಳಾಗಿ ಬಿಡಿಸಿ, ಒಂದೊಂದಕ್ಕೂ ಇಪ್ಪತ್ತಕ್ಕೆ ಇಷ್ಟೆಂದು ಅಂಕ ಹಾಕಿ, ಆ ಅಂಕಗಳನ್ನು ಮತ್ತೆ ಮೈದಾನದಲ್ಲಿ ಕೂಡಿಸಿ ಆಡಿಸುವುದೇ ಈ ಆಟಗಳ ಕಸುಬು.

ಇಲ್ಲಿ ಆಡುವವನು ಚೆಂಡನ್ನು ಒದೆಯುವುದಿಲ್ಲ. ಅವನು ಮ್ಯಾನೇಜರ್. ಆಟಗಾರರನ್ನು ಕೊಳ್ಳುತ್ತಾನೆ, ಮಾರುತ್ತಾನೆ, ತರಬೇತಿಗೆ ಹಚ್ಚುತ್ತಾನೆ, ಹನ್ನೊಂದು ಮಂದಿಯನ್ನು ಆರಿಸಿ, ಹೇಗೆ ಆಡಬೇಕೆಂದು ಹೇಳಿ, ಗೆರೆಯಾಚೆ ನಿಂತು ನೋಡುತ್ತಾನೆ. ನೋಡುತ್ತ ಕೂರುವುದರಲ್ಲಿ ಏನು ರುಚಿಯೆಂದು ಕೇಳುವವರು ಬಹಳ. ಆದರೂ ನಾಲ್ಕು ದಶಕಗಳಿಂದ ಈ ಜಾತಿಯ ಆಟ ಉಳಿದು ಬೆಳೆದಿದೆ.

ಮೊದಲ ಹೆಜ್ಜೆ ಇಟ್ಟವರು ಇಂಗ್ಲೆಂಡಿನ ಕೆವಿನ್ ಟಾಮ್ಸ್. 1982ರಲ್ಲಿ ಅವರು ಬರೆದ ‘ಫುಟ್‌ಬಾಲ್ ಮ್ಯಾನೇಜರ್’ ಆಟದಲ್ಲಿ ಆಟಗಾರನೊಬ್ಬನ ಬಗ್ಗೆ ಇದ್ದದ್ದು ಎರಡೇ ಅಂಕಿ: ಕೌಶಲಕ್ಕೆ ಐದರೊಳಗೆ ಒಂದು, ಶಕ್ತಿಗೆ ಇಪ್ಪತ್ತರೊಳಗೆ ಒಂದು. ಆಮೇಲೆ ಶ್ರಾಪ್‌ಶೈರ್‌ನ ಅಣ್ಣತಮ್ಮಂದಿರಾದ ಪಾಲ್ ಮತ್ತು ಆಲಿವರ್ ಕಾಲಿಯರ್ ಮನೆಯಲ್ಲೇ ಕೂತು ಕಟ್ಟಿದ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ 1992ರಲ್ಲಿ ಬಂತು. ಅದರ ಮೊದಲ ಆವೃತ್ತಿಯಲ್ಲಿ ಆಟಗಾರರ ಹೆಸರುಗಳೂ ಕಟ್ಟುಕತೆಯೇ. ನಿಜವಾದ ಹೆಸರುಗಳು ಮರುವರ್ಷ ಬಂದವು, ಅಲ್ಲಿಂದ ಹುಚ್ಚು ಹಿಡಿಯಿತು. ಅವರ ಕಂಪನಿ ಸ್ಪೋರ್ಟ್ಸ್ ಇಂಟರಾಕ್ಟಿವ್, ಹಳೆಯ ಪ್ರಕಾಶಕರಿಂದ ಬೇರೆಯಾದ ಮೇಲೆ 2004ರ ನವೆಂಬರ್‌ನಿಂದ ಸೆಗಾ ಮೂಲಕ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ ತನ್ನ ಆಟವನ್ನು ಹೊರತರುತ್ತ ಬಂದಿದೆ. 2003ರವರೆಗೆ ಪಂದ್ಯವೆಂದರೆ ಪರದೆಯ ಮೇಲೆ ಮೂಡುವ ಸಾಲುಗಳು ಮಾತ್ರ, ರೇಡಿಯೊ ಕಾಮೆಂಟರಿಯ ಹಾಗೆ. ಆ ವರ್ಷ ಮೇಲಿನಿಂದ ನೋಡುವ ಮೈದಾನ ಬಂತು. 2008ರ ಕೊನೆಯಲ್ಲಿ ಮೂರು ಆಯಾಮದ ಚಿತ್ರ.

ಚಿತ್ರ ಬದಲಾದಂತೆ ಅಂಕಪಟ್ಟಿಯೂ ಉದ್ದವಾಯಿತು. ಗೋಲ್‌ಕೀಪರ್ ಅಲ್ಲದ ಆಟಗಾರನಿಗೆ ಇಂದು ಕಣ್ಣಿಗೆ ಕಾಣುವಂತೆ 36 ಗುಣಗಳು: ಕೌಶಲದವು ಹದಿನಾಲ್ಕು, ಮನಸ್ಸಿನವು ಹದಿನಾಲ್ಕು, ದೇಹದವು ಎಂಟು. ಕ್ರಾಸ್, ಪಾಸ್, ಟ್ಯಾಕಲ್, ಮೊದಲ ಸ್ಪರ್ಶ, ಉದ್ದದ ಥ್ರೋ, ಪೆನಾಲ್ಟಿ ಮೊದಲ ಗುಂಪಿನವು. ತೀರ್ಮಾನ, ಧೈರ್ಯ, ಛಲ, ದುಡಿಮೆ, ಏಕಾಗ್ರತೆ, ನಾಯಕತ್ವ ಎರಡನೆಯದರಲ್ಲಿ. ವೇಗ, ದಮ್ಮು, ಸಮತೋಲ, ನೆಗೆತ ಮೂರನೆಯದರಲ್ಲಿ. ಗೋಲ್‌ಕೀಪರ್‌ಗೆ ಬೇರೆಯದೇ ಪಟ್ಟಿ. ಕೈಚಳಕ, ಪೆನಾಲ್ಟಿ ಪೆಟ್ಟಿಗೆಯ ಮೇಲಿನ ಹಿಡಿತ, ಗೋಲು ಬಿಟ್ಟು ಮುನ್ನುಗ್ಗುವ ಅಭ್ಯಾಸ, ಕೊನೆಗೆ ‘ಹುಚ್ಚಾಟ’ ಎನ್ನಬಹುದಾದ ಗುಣಕ್ಕೂ ಅಲ್ಲಿ ಒಂದು ಅಂಕಿ ಇದೆ.

ತೋರದ ಅಂಕಗಳೂ ಇವೆ, ಮತ್ತು ಆಟ ಕೆಡುವುದು ಹೆಚ್ಚಾಗಿ ಅವುಗಳಿಂದಲೇ. ವಾರವಾರವೂ ಒಂದೇ ಮಟ್ಟದಲ್ಲಿ ಆಡುತ್ತಾನೆಯೇ, ದೊಡ್ಡ ಪಂದ್ಯಕ್ಕೆ ಕುಗ್ಗುತ್ತಾನೆಯೇ, ಗಾಯ ಬೇಗ ಆಗುತ್ತದೆಯೇ, ಹೊಸ ದೇಶಕ್ಕೆ ಒಗ್ಗುತ್ತಾನೆಯೇ, ಒತ್ತಡ ತಾಳುತ್ತಾನೆಯೇ – ಇವಕ್ಕೆಲ್ಲ ಒಳಗೆ ಅಂಕಿ ಇದೆ, ಮ್ಯಾನೇಜರ್‌ಗೆ ಕಾಣುವುದಿಲ್ಲ. ಕೋಚ್‌ಗಳ ವರದಿಯಲ್ಲಿ ಅರ್ಧ ಸಾಲಿನ ಸುಳಿವು ಸಿಗಬಹುದು, ಅಷ್ಟೇ. ಈ ಏರ್ಪಾಡು ಎಷ್ಟು ವಾಸ್ತವವೆಂದು ತಿಳಿಯಲು 1948ರ ಲಂಡನ್ ಒಲಿಂಪಿಕ್ಸ್ ನೆನೆಯಬಹುದು. ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಮೈಸೂರಿನ ಎಸ್. ರಾಮನ್. ಅದೇ ಪಂದ್ಯದಲ್ಲಿ ಸಿಕ್ಕ ಎರಡು ಪೆನಾಲ್ಟಿಗಳು ವ್ಯರ್ಥವಾಗಿ ಭಾರತ 2–1ರಲ್ಲಿ ಸೋತಿತು. ಪೆನಾಲ್ಟಿ ಒದೆಯುವ ಕೌಶಲ ಆ ತಂಡದಲ್ಲಿ ಇರಲಿಲ್ಲವೆನ್ನಲು ಬರುವುದಿಲ್ಲ. ಮೊದಲ ಒಲಿಂಪಿಕ್ ಪಂದ್ಯದ ಭಾರ ಯಾರ ಕಾಲಿಗೆ ಎಷ್ಟು ತಟ್ಟಿತೆಂಬುದನ್ನು ಅಳೆಯುವ ಅಂಕಿ ಅಂಕಪಟ್ಟಿಯ ಹಿಂದೆ ಇರುತ್ತದೆ.

ಇನ್ನು ಅಸಲಿ ಗಣಿತ. ಪ್ರತಿ ಆಟಗಾರನಿಗೂ ‘ಈಗಿನ ಸಾಮರ್ಥ್ಯ’ ಮತ್ತು ‘ಮುಂದೆ ಮುಟ್ಟಬಹುದಾದ ಸಾಮರ್ಥ್ಯ’ ಎಂದು ಇನ್ನೂರಕ್ಕೆ ಎರಡು ಗುಪ್ತ ಅಂಕಿಗಳಿವೆ. ಮೊದಲನೆಯದನ್ನು ಕೈಯಲ್ಲಿರುವ ದುಡ್ಡು ಅಂದುಕೊಂಡರೆ, 36 ಗುಣಗಳನ್ನು ಆ ದುಡ್ಡಿನಲ್ಲೇ ಕೊಳ್ಳಬೇಕು, ಮತ್ತು ಸ್ಥಾನಕ್ಕೆ ತಕ್ಕಂತೆ ದರ ಬೇರೆ. ಸೆಂಟರ್ ಬ್ಯಾಕ್‌ಗೆ ಗೋಲು ಹೊಡೆಯುವ ಕಲೆ ಅಗ್ಗ, ಸ್ಟ್ರೈಕರ್‌ಗೆ ದುಬಾರಿ. ವೇಗ ಎಲ್ಲರಿಗೂ ದುಬಾರಿ. ಎರಡೂ ಕಾಲಿನಲ್ಲಿ ಸಲೀಸಾಗಿ ಆಡುವವನು ಅದಕ್ಕೂ ಬೆಲೆ ತೆರಬೇಕು. ಛಲದಂಥ ಗುಣಕ್ಕೆ ದರವಿಲ್ಲ, ಎಷ್ಟಿದ್ದರೂ ಲೆಕ್ಕಕ್ಕೆ ಸೇರದು. ಹಾಗಾಗಿ ಒಟ್ಟು ಸಾಮರ್ಥ್ಯ ಸಮನಾಗಿರುವ ಇಬ್ಬರು ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬ ಎಲ್ಲದರಲ್ಲೂ ಹನ್ನೊಂದು-ಹನ್ನೆರಡು ಪಡೆದ ಸಾಧಾರಣ ಜಾಣ, ಇನ್ನೊಬ್ಬ ಪಾಸ್ ಮತ್ತು ದೃಷ್ಟಿಯಲ್ಲಿ ಹದಿನೇಳು, ಓಟದಲ್ಲಿ ಆರು. ಇವರಲ್ಲಿ ಯಾರು ಮೇಲು ಎಂಬ ಪ್ರಶ್ನೆಗೆ ತಂತ್ರ ತಿಳಿಯದೆ ಉತ್ತರವಿಲ್ಲ. ಎರಡನೆಯವನ ಅಕ್ಕಪಕ್ಕ ಓಡಾಡಿ ಚೆಂಡು ಕಸಿಯುವ ಇಬ್ಬರಿದ್ದರೆ ಅವನು ತಂಡವನ್ನು ನಡೆಸುತ್ತಾನೆ. ಇಬ್ಬರೇ ಮಿಡ್‌ಫೀಲ್ಡರ್‌ಗಳ ತಂಡದಲ್ಲಿ ಒಬ್ಬನಾಗಿ ನಿಲ್ಲಿಸಿದರೆ ಎದುರಾಳಿ ಅವನನ್ನು ದಾಟಿಕೊಂಡೇ ಹೋಗುತ್ತಾನೆ.

ಹೊಸಬರು ಎಡವುವುದು ಇಲ್ಲೇ. ದೊಡ್ಡ ಅಂಕಿಗಳನ್ನು ಕೊಂಡು ತಂದು ಗುಡ್ಡೆ ಹಾಕುತ್ತಾರೆ, ಸೋಲುತ್ತಾರೆ, ಆಟ ಮೋಸವೆಂದು ಬೈಯುತ್ತಾರೆ.

ತಂತ್ರದ ಪರದೆಯಲ್ಲಿ ಮೊದಲು ಕಾಣುವುದು ವ್ಯೂಹ: 4–4–2, 4–3–3, 3–5–2. ಇದಕ್ಕೆ ಜನ ಕೊಡುವಷ್ಟು ಮಹತ್ವ ಸಲ್ಲದು. ಅದರ ಮೇಲೆ ತಂಡದ ಒಟ್ಟು ಧೋರಣೆ, ಅತಿ ರಕ್ಷಣೆಯಿಂದ ಅತಿ ಆಕ್ರಮಣದವರೆಗೆ ಏಳು ಮೆಟ್ಟಿಲು. ಅದರ ಮೇಲೆ ಮೂರು ಕಂತಿನ ಸೂಚನೆಗಳು. ಚೆಂಡು ನಮ್ಮಲ್ಲಿದ್ದಾಗ ಎಷ್ಟು ಅಗಲಕ್ಕೆ ಹರಡಬೇಕು, ಪಾಸ್ ಗಿಡ್ಡವೋ ಉದ್ದವೋ, ಗತಿ ಎಷ್ಟು. ಚೆಂಡು ಕೈಬದಲಾದ ಆ ಕ್ಷಣದಲ್ಲಿ ಮುಗಿಬೀಳಬೇಕೋ ಹಿಂದೆ ಸರಿದು ಸಾಲು ಕಟ್ಟಬೇಕೋ. ಚೆಂಡು ಎದುರಾಳಿಯಲ್ಲಿದ್ದಾಗ ಡಿಫೆನ್ಸ್ ಗೆರೆ ಎಲ್ಲಿರಬೇಕು, ಅವರನ್ನು ಕೆಣಕಲು ಎಲ್ಲಿಂದ ಶುರು ಮಾಡಬೇಕು. ಆಮೇಲೆ ಒಬ್ಬೊಬ್ಬನಿಗೂ ಪಾತ್ರ. ಇಟಲಿಯ ‘ರೆಜಿಸ್ತಾ’, ‘ಮೆಜ್ಜಾಲಾ’, ಜರ್ಮನಿಯ ಥಾಮಸ್ ಮುಲ್ಲರ್‌ನಿಂದ ಪ್ರಸಿದ್ಧವಾದ ‘ರೌಮ್‌ಡ್ಯೂಟರ್’ ಮುಂತಾದ ಹೆಸರುಗಳು ನಮ್ಮ ಹುಡುಗರ ಬಾಯಲ್ಲಿ ನಲಿಯುತ್ತಿದ್ದರೆ ಕೋಚಿಂಗ್ ಪುಸ್ತಕಗಳಿಗಿಂತ ಹೆಚ್ಚಿನ ಪಾಲು ಈ ಆಟದ್ದು.

ಸೂಚನೆಗಳು ಒಂದಕ್ಕೊಂದು ಹೊಂದದಿದ್ದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಪಾಡು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ತಂಡದ ಸೆಂಟರ್ ಬ್ಯಾಕ್‌ಗಳಿಬ್ಬರೂ ಗಟ್ಟಿಗರು: ಹೆಡಿಂಗ್ 15, ನೆಗೆತ 16, ಮೈಬಲ 15, ಧೈರ್ಯ 16. ಓಟದ ವೇಗ 8, ತಿರುಗಿ ಓಡುವ ಚುರುಕು 7. ಮ್ಯಾನೇಜರ್‌ಗೆ ಜರ್ಮನ್ ಮಾದರಿಯ ಪ್ರೆಸಿಂಗ್ ಮೇಲೆ ಪ್ರೀತಿ. ಮುಂದಿನ ಮೂವರು ಎದುರಾಳಿಯ ಪೆಟ್ಟಿಗೆಯ ಬಳಿಯೇ ಒತ್ತಡ ಹಾಕಬೇಕೆನ್ನುತ್ತಾನೆ. ತಂಡ ಚದುರದಿರಲು ಡಿಫೆನ್ಸ್ ಗೆರೆಯೂ ಮೈದಾನದ ನಡುವಿನವರೆಗೆ ಏರುತ್ತದೆ. ಎದುರಾಳಿ ಒಂದು ಉದ್ದದ ಚೆಂಡನ್ನು ಈ ಗಟ್ಟಿಗರ ತಲೆಯ ಮೇಲಿಂದ ದಾಟಿಸಿದರೆ ಸಾಕು, ಹಿಂದೆ ನಲವತ್ತು ಮೀಟರ್ ಬಯಲು. ಅಲ್ಲಿ ನೆಗೆತದ ಹದಿನಾರು ಯಾವ ಕೆಲಸಕ್ಕೂ ಬಾರದು, ಓಟದ ಎಂಟು ಮಾತ್ರ ಮಾತಾಡುತ್ತದೆ. ಅದೇ ಇಬ್ಬರನ್ನು ಇಪ್ಪತ್ತು ಮೀಟರ್ ಹಿಂದೆ ನಿಲ್ಲಿಸಿ, ಎದುರಾಳಿಯನ್ನು ಬದಿಗಳಿಗೆ ತಳ್ಳಿ ಕ್ರಾಸ್ ಹೊಡೆಯಲು ಬಿಟ್ಟರೆ? ಪ್ರತಿ ಕ್ರಾಸೂ ಇವರ ಹಣೆಗೆ ಬಡಿದು ವಾಪಸ್. ಆಟಗಾರರು ಅವರೇ, ಅಂಕಗಳೂ ಅವೇ. ಗೆರೆಯೊಂದು ಸರಿದದ್ದಕ್ಕೆ ಹುಳುಕಿನವನೆನಿಸಿದ ಡಿಫೆಂಡರ್ ಹೀರೋ ಆಗುತ್ತಾನೆ.

ಪರದೆಯೊಳಗಿನ ಎಂಜಿನ್ ಸೆಕೆಂಡಿಗೆ ಹಲವು ಸಲ ಪ್ರತಿ ಆಟಗಾರನ ಪರವಾಗಿ ಒಂದು ತೀರ್ಮಾನ ತೆಗೆದುಕೊಳ್ಳುತ್ತಿರುತ್ತದೆ. ಅವನಿಗೆ ಕಾಣುವುದೇನು ಎಂಬುದು ದೃಷ್ಟಿಯ ಅಂಕದಿಂದ, ಕಂಡದ್ದರಲ್ಲಿ ಯಾವುದನ್ನು ಆರಿಸುತ್ತಾನೆ ಎಂಬುದು ತೀರ್ಮಾನದ ಅಂಕದಿಂದ, ಆರಿಸಿದ್ದನ್ನು ಮಾಡಿ ತೋರಿಸುತ್ತಾನೆಯೇ ಎಂಬುದು ಪಾಸ್ ಅಥವಾ ಹೊಡೆತದ ಅಂಕದಿಂದ. ತಂತ್ರದ ಕೆಲಸ ನಡುವಿನದು: ಯಾವ ಆಯ್ಕೆಗಳು ಅವನ ಮುಂದೆ ಎಷ್ಟು ಸಲ ಬರಬೇಕೆಂದು ನಿರ್ಧರಿಸುವುದು. ಪಾತ್ರಕ್ಕೆ ‘ಮುಖ್ಯ’ವೆಂದು ಆಟವೇ ಬಣ್ಣ ಹಚ್ಚಿ ತೋರಿಸುವ ಗುಣಗಳು ಸಲಹೆ ಮಾತ್ರ. ಬಣ್ಣ ಹಚ್ಚದ ಗುಣಗಳೂ ಎಂಜಿನ್‌ಗೆ ಲೆಕ್ಕವೇ.

ಒಂದು ಅಪಸ್ವರವನ್ನೂ ಇಲ್ಲಿ ಹೇಳಲೇಬೇಕು. ಹಠ ಹಿಡಿದು ಸಾವಿರಾರು ಪಂದ್ಯ ಓಡಿಸಿ ಪರೀಕ್ಷಿಸಿದ ಆಟಗಾರರು ಮತ್ತೆಮತ್ತೆ ಕಂಡುಕೊಂಡದ್ದೆಂದರೆ, ಓಟದ ವೇಗ ಮತ್ತು ದಿಢೀರನೆ ಓಟ ಕೀಳುವ ಚುರುಕು ಈ ಎಂಜಿನ್‌ನಲ್ಲಿ ಮಿಕ್ಕ ಬಹುಪಾಲು ಗುಣಗಳಿಗಿಂತ ಭಾರ. ಮನಸ್ಸಿನ ಹದಿನಾಲ್ಕು ಗುಣಗಳನ್ನು ಅಷ್ಟು ನಾಜೂಕಾಗಿ ಬಿಡಿಸಿಟ್ಟ ಆಟ, ಒರೆಗೆ ಹಚ್ಚಿದಾಗ ಓಡುವವನ ಪರ ವಾಲುತ್ತದೆ. ಇದು ಕೊರತೆಯೋ ಇಂದಿನ ಫುಟ್‌ಬಾಲಿನ ಪ್ರತಿಬಿಂಬವೋ ಎಂಬ ವಾದ ಮುಗಿಯುವಂಥದ್ದಲ್ಲ. ಆದರೆ ಚೆಟ್ರಿಯಂಥ ಆಟಗಾರ ಮೂವತ್ತೈದು ದಾಟಿದ ಮೇಲೂ ಗೋಲು ಹೊಡೆದದ್ದನ್ನು ನೋಡಿದವರಿಗೆ ಎಂಜಿನ್ ಮುನ್ನರಿವಿಗೆ ಇನ್ನಷ್ಟು ಬೆಲೆ ಕೊಡಬಹುದಿತ್ತೆಂದು ಅನ್ನಿಸಿದರೆ ತಪ್ಪಲ್ಲ.

ಬೆಂಗಳೂರು ಎಫ್‌ಸಿಯ ಚರಿತ್ರೆಯೇ ಈ ತಂತ್ರ-ಗುಣಗಳ ಜೋಡಣೆಗೆ ಒಳ್ಳೆಯ ಪಾಠ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಕೋಚ್ ಆಶ್ಲಿ ವೆಸ್ಟ್‌ವುಡ್ ಅವರ ತಂಡದ ಬಂಡವಾಳ ಮೈಕಟ್ಟು, ದಮ್ಮು, ಶಿಸ್ತು, ಫ್ರೀ ಕಿಕ್ ಮತ್ತು ಕಾರ್ನರ್‌ಗಳ ತಯಾರಿ. 2016ರಲ್ಲಿ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಚೆಂಡನ್ನು ನೆಲದ ಮೇಲಿಟ್ಟು ಪಾಸ್ ಮಾಡುವ ಆಟ ತಂದರು. ಅದೇ ವರ್ಷ ತಂಡ ಎಎಫ್‌ಸಿ ಕಪ್ ಫೈನಲ್ ಮುಟ್ಟಿ, ಭಾರತದ ಯಾವ ಕ್ಲಬ್ಬೂ ಹೋಗಿರದ ಕಡೆ ಹೋಯಿತು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 1–0ರಲ್ಲಿ ಸೋತಿತು. ಆಟಗಾರರಲ್ಲಿ ಬಹಳಷ್ಟು ಮಂದಿ ವೆಸ್ಟ್‌ವುಡ್ ಕಾಲದವರೇ. ಆಟದ ಭಾಷೆಯಲ್ಲಿ ಹೇಳುವುದಾದರೆ ಅಂಕಪಟ್ಟಿ ಹೆಚ್ಚು ಬದಲಾಗಲಿಲ್ಲ, ಅದೇ ಪಟ್ಟಿಯಿಂದ ಬೇರೆ ಸಾಲುಗಳನ್ನು ದುಡಿಸಿಕೊಂಡರು. 2019ರ ಮಾರ್ಚ್ 17ರಂದು, ಚೆನ್ನೈಯಿನ್‌ಗೆ ಸೋತು ಸರಿಯಾಗಿ ಒಂದು ವರ್ಷಕ್ಕೆ, ಕಾರ್ಲೆಸ್ ಕುವಾದ್ರಾತ್ ಅವರ ತಂಡ ಮುಂಬೈಯಲ್ಲಿ ಗೋವಾವನ್ನು ಸೋಲಿಸಿ ಐಎಸ್‌ಎಲ್ ಗೆದ್ದಿತು. ಗೋಲು ಬಂದದ್ದು 117ನೇ ನಿಮಿಷದಲ್ಲಿ, ಡಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟಾಗ. ಹಿಂದಿನ ವರ್ಷ ಯಾವುದರಿಂದ ಸೋತಿದ್ದರೋ ಅದರಿಂದಲೇ ಗೆದ್ದರು.

ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಬೆಂಗಳೂರನ್ನು ಕೈಗೆತ್ತಿಕೊಳ್ಳುವವನಿಗೆ ಯುರೋಪಿನ ಕ್ಲಬ್‌ನಲ್ಲಿ ಇಲ್ಲದ ಇನ್ನೊಂದು ಗಂಟು ಎದುರಾಗುತ್ತದೆ. 2021–22ರ ಋತುವಿನಿಂದ ಐಎಸ್‌ಎಲ್ ತಂಡವೊಂದು ಒಮ್ಮೆಗೆ ನಾಲ್ವರು ವಿದೇಶಿಯರನ್ನಷ್ಟೇ ಮೈದಾನಕ್ಕಿಳಿಸಬಹುದು. ಉಳಿದ ಏಳು ಜಾಗ ಭಾರತೀಯರದು. ಆಗ ಪ್ರಶ್ನೆ ತಿರುಗುತ್ತದೆ: ಯಾವ ಸ್ಥಾನಕ್ಕೆ ಒಳ್ಳೆಯ ಭಾರತೀಯ ಸಿಗುವುದಿಲ್ಲ? ಗೋಲ್‌ಕೀಪರ್‌ಗೆ ಚಿಂತೆಯಿಲ್ಲ. ನಾರ್ವೆಯ ಸ್ಟಾಬೆಕ್‌ನಲ್ಲಿದ್ದಾಗ 2016ರಲ್ಲಿ ಯುರೋಪಾ ಲೀಗ್ ಆಡಿದ ಮೊದಲ ಭಾರತೀಯನೆನಿಸಿದ ಗುರ್‌ಪ್ರೀತ್ ಸಿಂಗ್ ಸಂಧು 2017ರಲ್ಲೇ ಬೆಂಗಳೂರಿಗೆ ಬಂದರು. ವೇಗದ ವಿಂಗರ್‌ಗಳೂ ದೇಶದಲ್ಲಿ ಸಿಗುತ್ತಾರೆ. ಬರ ಇರುವುದು ಸೆಂಟರ್ ಫಾರ್ವರ್ಡ್‌ಗಳಿಗೆ, ಆಟ ಕಟ್ಟುವ ಮಿಡ್‌ಫೀಲ್ಡರ್‌ಗಳಿಗೆ. ಬಹುಪಾಲು ಕ್ಲಬ್‌ಗಳು ವಿದೇಶಿ ಜಾಗಗಳನ್ನು ಈ ಬೆನ್ನೆಲುಬಿಗೇ ಸುರಿಯುವುದರಿಂದ ಭಾರತೀಯ ಸ್ಟ್ರೈಕರ್ ಬೆಂಚಿನ ಮೇಲೆ ಕೂರುತ್ತಾನೆ, ಕೂತವನು ಬೆಳೆಯುವುದಿಲ್ಲ, ಬೆಳೆಯದವನಿಗೆ ಮುಂದಿನ ವರ್ಷವೂ ಜಾಗವಿಲ್ಲ. ನಿಜ ಜೀವನದ ಈ ಸುಳಿಯಲ್ಲಿ ಕಂಪ್ಯೂಟರ್ ಆಟವೂ ಸಿಕ್ಕಿಬೀಳುತ್ತದೆ. ಅಲ್ಲೂ ಪಂದ್ಯ ಆಡದ ಹುಡುಗ ತನ್ನ ಗುಪ್ತ ಸಾಮರ್ಥ್ಯದ ಹತ್ತಿರಕ್ಕೂ ಹೋಗುವುದಿಲ್ಲ. 2024ರ ಜೂನ್‌ನಲ್ಲಿ 94 ಅಂತರರಾಷ್ಟ್ರೀಯ ಗೋಲುಗಳೊಂದಿಗೆ ನಿವೃತ್ತರಾದ ಚೆಟ್ರಿಯನ್ನು ಮರುವರ್ಷ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡ ಮತ್ತೆ ಕರೆದದ್ದು ಏಕೆಂದು ಇದರಿಂದ ಅರ್ಥವಾಗುತ್ತದೆ.

ಹಾಗಾದರೆ ಈ ಅಂಕಗಳನ್ನು ಕೊಡುವವರು ಯಾರು? ಯಂತ್ರವಲ್ಲ, ಮನುಷ್ಯರು. ಸ್ಪೋರ್ಟ್ಸ್ ಇಂಟರಾಕ್ಟಿವ್‌ಗೆ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಮಂದಿ ಪಂದ್ಯ ನೋಡಿ ವರದಿ ಬರೆಯುತ್ತಾರೆ, ಬಹುಪಾಲು ತಂತಮ್ಮ ಕ್ಲಬ್‌ನ ಕಟ್ಟಾ ಅಭಿಮಾನಿಗಳು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಇದು ಗೊತ್ತಿಲ್ಲದ ವ್ಯವಹಾರವೇನಲ್ಲ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ತಂಬಾಕು ಹರಾಜಿನ ದಿನ ಬೇಲಿನ ಮುಂದೆ ನಿಂತವನು ಸೊಪ್ಪನ್ನು ಮುಟ್ಟಿ, ಬಣ್ಣ ನೋಡಿ ಒಂದು ದರ್ಜೆ ಹೇಳುತ್ತಾನೆ, ಬೆಲೆಯೆಲ್ಲ ಆ ದರ್ಜೆಯ ಮೇಲೆ. ಸೊಪ್ಪು ಒಂದೇ ಆದರೂ ಕಣ್ಣು ಬೇರೆಯಾದರೆ ದರ್ಜೆ ಬೇರೆ. ಇಪ್ಪತ್ತಕ್ಕೆ ಹದಿನಾಲ್ಕು ಎಂಬುದೂ ಅಂಥದೇ, ಒಬ್ಬ ನೋಡುಗನ ಕಣ್ಣಳತೆ.

ಕಣ್ಣಳತೆ ತಪ್ಪಿದ ಕತೆಗಳು ಈ ಆಟದ ಪುರಾಣವಾಗಿಬಿಟ್ಟಿವೆ. 2001–02ರ ಚಾಂಪಿಯನ್‌ಶಿಪ್ ಮ್ಯಾನೇಜರ್‌ನಲ್ಲಿ ಡರ್ಬಿ ಕೌಂಟಿಯ ಹುಡುಗ ಟೊಂಟೊನ್ ಜೋಲಾ ಮುಕೊಕೊ ಯುರೋಪನ್ನೇ ಆಳುವ ಆಟಗಾರನಾಗುತ್ತಿದ್ದ. ನಿಜದಲ್ಲಿ ಅವನು ಡರ್ಬಿಯ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಅದೇ ಆವೃತ್ತಿಯಲ್ಲಿ ಪೋರ್ಚುಗಲ್‌ನ ಸಣ್ಣ ಕ್ಲಬ್ ಗೊವೇಯಾದಲ್ಲಿ ಟೊ ಮದೇರಾ ಎಂಬ ಅದ್ಭುತ ಗೋಲ್ ಬೇಟೆಗಾರನಿದ್ದ. ಅಂಥ ಆಟಗಾರನೇ ಇರಲಿಲ್ಲ, ಅಂಕ ಹಾಕುವವನೇ ಸೇರಿಸಿದ್ದ ಹೆಸರು ಅದು. ಇನ್ನೊಂದು ಕಡೆ ಇದೇ ಪಟ್ಟಿಯನ್ನು ವೃತ್ತಿಪರರು ನೆಚ್ಚಿಕೊಂಡದ್ದೂ ಉಂಟು. 2008ರಲ್ಲಿ ಎವರ್ಟನ್ ಕ್ಲಬ್ ಆಟಗಾರರ ಹುಡುಕಾಟಕ್ಕೆ ಈ ಮಾಹಿತಿ ಬಳಸುವ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಕ್ಲಬ್‌ಗಳಿಗೆ ಅಂಕಿ-ಅಂಶ ಒದಗಿಸುವ ಪ್ರೊಜೋನ್ ಕಂಪನಿಯೂ ಅದನ್ನು ಸೇರಿಸಿಕೊಂಡಿತು.

ಹದಿಹರೆಯದವರಿಗೆ ಅಂಕ ಹಾಕುವುದು ಇನ್ನೂ ಕಷ್ಟ. ಅದಕ್ಕೆ ಆಟ ಒಂದು ಉಪಾಯ ಹೂಡಿದೆ. ಮುಂದೆ ಮುಟ್ಟಬಹುದಾದ ಸಾಮರ್ಥ್ಯದ ಜಾಗದಲ್ಲಿ ಖಚಿತ ಅಂಕಿಯ ಬದಲು ಋಣಸಂಖ್ಯೆಯೊಂದನ್ನು ಬರೆದರೆ ಅದು ‘ಇಷ್ಟರಿಂದ ಇಷ್ಟರೊಳಗೆ’ ಎಂಬ ಅಂತರವನ್ನು ಸೂಚಿಸುತ್ತದೆ. ಹೊಸದಾಗಿ ಆಟ ತೆರೆದಾಗಲೆಲ್ಲ ಅದರೊಳಗಿಂದ ಬೇರೆ ಅಂಕಿ ಬೀಳುತ್ತದೆ. ಒಬ್ಬನೇ ಹುಡುಗ ಒಂದು ಕಂಪ್ಯೂಟರಿನಲ್ಲಿ ತಾರೆ, ಪಕ್ಕದ ಕಂಪ್ಯೂಟರಿನಲ್ಲಿ ಎರಡನೇ ದರ್ಜೆಯವನು. ಮ್ಯಾನೇಜರ್ ಸರಿಯಾಗಿ ಸ್ಕೌಟ್ ಕಳಿಸದಿದ್ದರೆ ಅಂಕಗಳೂ ಮಂಜುಮಂಜು: ಕೆ.ಆರ್. ನಗರದಂಥ ಊರಿನಿಂದ ಬಂದ ಹದಿನಾರರ ಹುಡುಗನೊಬ್ಬನ ವೇಗ ‘9–14’ ಎಂದಷ್ಟೇ ಕಾಣುತ್ತದೆ. ಒಂಬತ್ತೆಂದರೆ ಬೇಡ, ಹದಿನಾಲ್ಕೆಂದರೆ ಬೇಕೇಬೇಕು. ದುಡ್ಡು ಕೊಟ್ಟು ಇನ್ನೂ ಎರಡು ವಾರ ನೋಡಿಸಬೇಕೋ, ಈಗಲೇ ಸಹಿ ಹಾಕಿಸಬೇಕೋ? ಈ ಜೂಜಿನ ಮಜಕ್ಕಾಗಿಯೇ ವರ್ಷವರ್ಷವೂ ಆಡುವವರಿದ್ದಾರೆ.

ಅಂಕಿಗಳೇ ಬೇಡವೆಂದ ಆಟವೊಂದೂ ಇದೆ. ಸ್ವೀಡನ್ನಿನಲ್ಲಿ 1997ರಲ್ಲಿ ಹುಟ್ಟಿದ ‘ಹ್ಯಾಟ್ರಿಕ್’ ಆಟಗಾರನ ಕೌಶಲವನ್ನು ‘ದುರಂತ’, ‘ದೈವಿಕ’ ಎಂಬಂಥ ಮಾತಿನಲ್ಲೇ ಹೇಳುತ್ತದೆ. ಮುಖ್ಯ ಕೌಶಲಗಳು ಏಳೇ, ಚಲಿಸುವ ಚಿತ್ರವಿಲ್ಲ, ವಾರಕ್ಕೆ ಎರಡು ಪಂದ್ಯ. ಅದರ ಗುಟ್ಟು ಬಯಲಾದದ್ದು: ಮಿಡ್‌ಫೀಲ್ಡ್ ಬಲ ಯಾರದು ಹೆಚ್ಚೋ ಅವರಿಗೆ ಹೆಚ್ಚು ಅವಕಾಶ, ಆ ಅವಕಾಶ ಗೋಲಾಗುವುದು ಎಡ-ಬಲ-ನಡುವಿನ ದಾಳಿ ಮತ್ತು ಎದುರಿನ ರಕ್ಷಣೆಯ ತೂಕದ ಮೇಲೆ. ಇದು ಚದುರಂಗಕ್ಕೆ ಹತ್ತಿರ, ಫುಟ್‌ಬಾಲಿಗೆ ಸ್ವಲ್ಪ ದೂರ. ಸರ್ಬಿಯಾದ ನಾರ್ಡಿಯಸ್ 2010ರಲ್ಲಿ ತಂದ ‘ಟಾಪ್ ಇಲೆವೆನ್’ ಫೋನಿಗೆ ಒಗ್ಗಿದ್ದು. ಅಲ್ಲಿ ತಂತ್ರಕ್ಕಿಂತ ದಿನವೂ ಬಂದು ಹೋಗುವ ಶ್ರದ್ಧೆ ಮತ್ತು ಕಿಸೆಯ ಕಾಸು ಮೇಲಾಗುತ್ತವೆ ಎಂಬ ದೂರು ನ್ಯಾಯವಾದದ್ದೇ. ಲ್ಯಾಪ್‌ಟಾಪ್ ಇಲ್ಲದ ಹುಡುಗನಿಗೆ ಫುಟ್‌ಬಾಲ್ ಮ್ಯಾನೇಜರ್‌ನ ಚಿಕ್ಕ ರೂಪ ಫೋನಿನಲ್ಲಿ ಸಿಗುತ್ತದೆ, 2024ರ ಆವೃತ್ತಿಯಿಂದ ನೆಟ್‌ಫ್ಲಿಕ್ಸ್ ಚಂದಾದಾರರಿಗೆ. ಗುಣಗಳ ಪಟ್ಟಿ ಅಲ್ಲಿ ಮೊಟಕು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಂದು ಋತುವನ್ನು ಮುಗಿಸಲು ಅಷ್ಟು ಸಾಕು.

2025ರ ಫೆಬ್ರುವರಿಯಲ್ಲಿ ಸ್ಪೋರ್ಟ್ಸ್ ಇಂಟರಾಕ್ಟಿವ್ ಆ ಸಾಲಿನ ಆಟವನ್ನೇ ರದ್ದು ಮಾಡಿತು, ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ. ನವೆಂಬರ್ 4ರಂದು ಹೊಸ ಎಂಜಿನ್‌ನೊಂದಿಗೆ ಬಂದ 26ನೇ ಸಾಲಿನ ಆವೃತ್ತಿ ತಂತ್ರದ ಪರದೆಯನ್ನು ಬುಡಮೇಲು ಮಾಡಿದೆ. ಚೆಂಡು ಇದ್ದಾಗ ಒಂದು ವ್ಯೂಹ, ಇಲ್ಲದಾಗ ಇನ್ನೊಂದು, ಒಬ್ಬೊಬ್ಬನಿಗೂ ಎರಡೆರಡು ಪಾತ್ರ. ರಕ್ಷಣೆ, ಬೆಂಬಲ, ದಾಳಿ ಎಂಬ ಹಳೆಯ ಮೂರು ಹೊಣೆಗಳು ಮಾಯ. ಇದರಿಂದ ಬಹಳ ಕಾಲದ ಒಂದು ಸುಳ್ಳು ಕಳಚಿಬಿತ್ತು. ನಿಜವಾದ ಮೈದಾನದಲ್ಲಿ 4–3–3 ಎಂದು ಕರೆಯುವ ತಂಡ ಚೆಂಡು ಕಳೆದುಕೊಂಡೊಡನೆ 4–4–2 ಆಗಿ ನಿಲ್ಲುವುದು ಎಲ್ಲ ಕೋಚ್‌ಗಳಿಗೂ ಗೊತ್ತಿದ್ದ ಸಂಗತಿ. ಈಗ ಸ್ಟ್ರೈಕರ್‌ನನ್ನು ಆರಿಸುವಾಗ ದುಡಿಮೆಯ ಅಂಕವನ್ನೂ ನೋಡಬೇಕಾಗಿದೆ, ಅದು ಒಳ್ಳೆಯದೇ ಆಯಿತು.

ಆಟದೊಳಕ್ಕೆ ಬಾರದ್ದೂ ಇದೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು, ಬ್ಲಾಸ್ಟರ್ಸ್ ತಂಡಕ್ಕೆ ತಂಡವೇ ಮೈದಾನ ಬಿಟ್ಟು ನಡೆಯಿತು. ಚೆಟ್ರಿಯ ಆ ಸಮಯಪ್ರಜ್ಞೆಗೆ ತೀರ್ಮಾನದ ಅಂಕ ಹಾಕಬಹುದು. ಎದುರಾಳಿ ಕೋಚ್ ಕೈಬೀಸಿ ಎಲ್ಲರನ್ನೂ ಹೊರಗೆ ಕರೆಯುವ ಬಟನ್ ಯಾವ ಪರದೆಯಲ್ಲೂ ಇಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಸಂಘಟಕರು ಹೊಸ ಋತುವನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಹಿರಿಯರ ತಂಡದ ಸಂಬಳ ನಿಲ್ಲಿಸಿತು. ಕಂಪ್ಯೂಟರಿನ ಕ್ಯಾಲೆಂಡರ್‌ನಲ್ಲಿ ಲೀಗ್ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ. ಆಟ ಕಟ್ಟಿರುವುದು ಕ್ಲಬ್‌ಗಳ ಮತ್ತು ರಾಷ್ಟ್ರೀಯ ತಂಡಗಳ ಲೋಕವನ್ನು, ಆದ್ದರಿಂದ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಮಣಿಸಿ, 1968–69ರ ಮೈಸೂರು ತಂಡದ ನಂತರ ಮೊದಲ ಸಲ ಸಂತೋಷ್ ಟ್ರೋಫಿ ತಂದ ಕರ್ನಾಟಕದಂಥ ರಾಜ್ಯ ತಂಡಕ್ಕೂ ಅದರಲ್ಲಿ ಕುರ್ಚಿಯಿಲ್ಲ.

ಪಟ್ಟಿಯಲ್ಲಿ ಯಾರಿರಬೇಕೆಂಬ ಜಗಳ ಒಮ್ಮೆ ಸರ್ಕಾರದ ಮಟ್ಟಕ್ಕೂ ಹೋಗಿತ್ತು. 2004ರ ಡಿಸೆಂಬರ್‌ನಲ್ಲಿ ಚೀನಾದ ಸಂಸ್ಕೃತಿ ಸಚಿವಾಲಯ ‘ಫುಟ್‌ಬಾಲ್ ಮ್ಯಾನೇಜರ್ 2005’ ಆಟವನ್ನು ನಿಷೇಧಿಸಿತು. ಕಾರಣ, ಅದರ ದೇಶಗಳ ಪಟ್ಟಿಯಲ್ಲಿ ತೈವಾನ್, ಹಾಂಗ್‌ಕಾಂಗ್, ಮಕಾವ್ ಜೊತೆ ಟಿಬೆಟ್ ಕೂಡ ಬೇರೆಯಾಗಿ ಕಾಣಿಸಿಕೊಂಡದ್ದು. ಅದು ಚೀನಾಕ್ಕಾಗಿ ತಯಾರಿಸಿದ ಪ್ರತಿಯಲ್ಲವೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಲಂಡನ್ನಿನ ಕಚೇರಿಗೆ ಇದು ದೂರದ ರಾಜಕೀಯ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಅಷ್ಟು ದೂರದ್ದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960–61ರಿಂದ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಎಪ್ಪತ್ತರ ದಶಕದ ಆರಂಭದಿಂದ ಟಿಬೆಟನ್ನರ ವಸಾಹತುಗಳಿವೆ, ಮತ್ತು ಅಲ್ಲಿಯ ಹುಡುಗರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಶುರುವಾದ ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಗೋಲ್ಡ್ ಕಪ್‌ಗೆ ಭಾರತ, ನೇಪಾಳದ ವಸಾಹತುಗಳ ತಂಡಗಳು ಸೇರುತ್ತವೆ. ಬೈಲಕುಪ್ಪೆಯೂ ಅದಕ್ಕೆ ಆತಿಥ್ಯ ವಹಿಸಿದೆ. ಇಂಥ ಮೈದಾನಗಳಲ್ಲಿ ಬೆಳೆದವರಿಂದ ಕಟ್ಟಿದ ಟಿಬೆಟ್ ತಂಡ 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿತು. ಮೊದಲ ಗೋಲು ಟಿಬೆಟ್‌ನದು, ಪಂದ್ಯ 4–1ರಲ್ಲಿ ಗ್ರೀನ್‌ಲ್ಯಾಂಡ್‌ನದು. 2018ರಲ್ಲಿ ಲಂಡನ್‌ನಲ್ಲಿ ಫಿಫಾದ ಹೊರಗಿನ ತಂಡಗಳಿಗಾಗಿ ನಡೆದ ಕೊನಿಫಾ ವಿಶ್ವಕಪ್‌ನಲ್ಲೂ ಅದು ಆಡಿತು.

ಗೋಲ್ಡ್ ಕಪ್ ಆಡುವ ಬೈಲಕುಪ್ಪೆಯ ಹುಡುಗರನ್ನು ಯಾವ ಸ್ಕೌಟೂ ಅಳೆದಿಲ್ಲ. ಕಂಪ್ಯೂಟರಿನ ಆವೃತ್ತಿಯ ಜೊತೆ ಉಚಿತವಾಗಿ ಬರುವ ಎಡಿಟರ್‌ನಲ್ಲಿ ಯಾರು ಬೇಕಾದರೂ ಹೊಸ ಕ್ಲಬ್, ಹೊಸ ಆಟಗಾರರನ್ನು ಸೇರಿಸಬಹುದು. ಇಪ್ಪತ್ತು ಮಂದಿಯ ತಂಡವೆಂದರೆ ಕಾಣುವ ಗುಣಗಳಿಗೇ ಏಳುನೂರಕ್ಕೂ ಹೆಚ್ಚು ಖಾನೆ, ಗುಪ್ತವಾದವು ಬೇರೆ. ಖಾನೆ ಖಾಲಿ ಬಿಟ್ಟರೂ ನಡೆಯುತ್ತದೆ, ಒಟ್ಟು ಸಾಮರ್ಥ್ಯದ ಅಂಕಿಯೊಂದನ್ನು ಕೊಟ್ಟರೆ ಉಳಿದದ್ದನ್ನು ಆಟ ತನಗೆ ತೋಚಿದಂತೆ ತುಂಬಿಕೊಳ್ಳುತ್ತದೆ. ಹಾಗೆ ತುಂಬಿದರೆ ಹನ್ನೊಂದು ಜನ ಮೈದಾನಕ್ಕಿಳಿಯುತ್ತಾರೆ ನಿಜ, ಆದರೆ ಯಾರ ಎಡಗಾಲು ಜೋರು, ಕಾರ್ನರ್ ಬಂದಾಗ ಯಾರು ಹಿಂದಿನ ಕಂಬಕ್ಕೆ ಓಡುತ್ತಾರೆ, ಒಂದು ಗೋಲು ಹಿಂದೆ ಬಿದ್ದಾಗ ಯಾರು ಚೀರಿ ಎಲ್ಲರನ್ನೂ ಮುಂದಕ್ಕೆ ಕರೆಯುತ್ತಾರೆ ಎಂಬುದನ್ನು ಅವರ ಪಂದ್ಯ ನೋಡುತ್ತ ಬಂದವರೇ ಕೂತು ಬರೆಯಬೇಕು.